ಬೆಳಗಿನ ಜಾವದ ಹೊಟ್ಟೆನೋವು: ನಿದ್ದೆಗೆಟ್ಟ ಪಿಜಿ ವೈದ್ಯರ ಒಂದು ತೀರ್ಮಾನ, ಆಮೇಲೆ ಯೂನಿಟ್ಟಿನಲ್ಲಿ ಆದದ್ದು

ಇದು ಕರ್ನಾಟಕದ ಒಂದು ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ನಡೆದದ್ದು. ಊರು, ವರ್ಷ, ಹೆಸರು ಹೇಳುವುದಿಲ್ಲ. ರೋಗಿಯ ವಯಸ್ಸು, ಮನೆಯ ವಿವರ ಸ್ವಲ್ಪ ಬದಲಿಸಿದ್ದೇನೆ. ಕೇಸಿನ ನಡುವೆ ಇರುವ ಪಿಜಿ ವೈದ್ಯರನ್ನು (ಎಂಬಿಬಿಎಸ್ ಮುಗಿಸಿ, ಸ್ನಾತಕೋತ್ತರ ಓದುತ್ತಲೇ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು) ಡಾ. ಕ ಅಂತ ಕರೆಯುತ್ತೇನೆ. ಅವರು ಓದಿ ಒಪ್ಪಿದ ಮೇಲೆಯೇ ಇದನ್ನು ಹಂಚುತ್ತಿದ್ದೇನೆ. ನಾನು ಅದೇ ಮೆಡಿಸಿನ್ ವಿಭಾಗದಲ್ಲಿ ಪಾಠ ಮಾಡುವವನು. ಆ ರಾತ್ರಿ ನಾನು ಡ್ಯೂಟಿಯಲ್ಲಿ ಇರಲಿಲ್ಲ, ಆದರೆ ಆಮೇಲೆ ನಡೆದ ವಿಚಾರಣೆಯ ಕಾಗದಗಳೆಲ್ಲ ನನ್ನ ಮೇಜಿಗೆ ಬಂದವು.

ಹಿನ್ನೆಲೆ

ಡಾ. ಕ ಎರಡನೇ ವರ್ಷದ ಪಿಜಿ. ಕೆಲಸದಲ್ಲಿ ಗಟ್ಟಿ ಅಂತ ಹೆಸರು ಇದ್ದವರು. ಯಾರಿಗೂ ಸಿಗದ ರಕ್ತನಾಳ ಅವರಿಗೆ ಸಿಗುತ್ತೆ ಅಂತ ಸಿಸ್ಟರ್‌ಗಳು ಹೇಳುತ್ತಿದ್ದರು.

ನಮ್ಮಲ್ಲಿ ಯೂನಿಟ್ ಪದ್ಧತಿ, ಅಂದರೆ ಒಂದೇ ವಿಭಾಗದಲ್ಲಿ ಒಬ್ಬೊಬ್ಬ ಮುಖ್ಯಸ್ಥರ ಕೈಕೆಳಗೆ ಒಂದೊಂದು ತಂಡ. ಪ್ರತಿ ಯೂನಿಟ್ಟಿಗೂ ವಾರಕ್ಕೊಂದು ಅಡ್ಮಿಶನ್ ಡೇ, ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ದಿನ. ಅವತ್ತು ಬೆಳಿಗ್ಗೆ 8ಕ್ಕೆ ಬಂದ ಪಿಜಿ ಒಪಿಡಿ ಮುಗಿಸಿ, ಸಂಜೆಯಿಂದ ಕ್ಯಾಶುವಾಲ್ಟಿ ಹಿಡಿದು, ರಾತ್ರಿಯೆಲ್ಲ ಬಂದ ಕೇಸು ನೋಡಿ, ಮಾರನೇ ದಿನ ರೌಂಡ್ಸಿನಲ್ಲಿ ಅವನ್ನೆಲ್ಲ ಪ್ರೊಫೆಸರ್‌ಗೆ ಒಪ್ಪಿಸಿ, ಡಿಸ್ಚಾರ್ಜ್ ಕಾಗದ ಬರೆದು ಹಾಸ್ಟೆಲ್‌ಗೆ ಹೋಗುವಾಗ ಸಂಜೆ 4 ಆಗಿರುತ್ತೆ, ಕೆಲವು ಸಲ 5. ಅಂದರೆ 32, 33 ಗಂಟೆ. ಇದೇನೂ ಗುಟ್ಟಲ್ಲ. ದೇಶದ ಎಷ್ಟೋ ಮೆಡಿಕಲ್ ಕಾಲೇಜುಗಳಲ್ಲಿ ಹೀಗೇ ನಡೆಯುತ್ತದೆ.

ನಿಯಮ ಇಲ್ಲ ಅಂತಲ್ಲ. 1992ರ ಕೇಂದ್ರ ಸರ್ಕಾರದ ರೆಸಿಡೆನ್ಸಿ ಯೋಜನೆಯಲ್ಲೇ ಜೂನಿಯರ್ ರೆಸಿಡೆಂಟ್‌ಗೆ (ಪಿಜಿಗಳೂ ಇದರಲ್ಲಿ ಸೇರುತ್ತಾರೆ) ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆಗಿಂತ ಜಾಸ್ತಿ ಬೇಡ ಅಂತ ಬರೆದಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪಿಜಿ ನಿಯಮಗಳು ಕೆಲಸದ ಗಂಟೆ 'ಸಮಂಜಸ'ವಾಗಿರಬೇಕು ಅನ್ನುತ್ತವೆ, ಎಷ್ಟು ಅಂತ ಹೇಳುವುದಿಲ್ಲ. ಅದೇ ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದು, ಒಂದು ದಿನ ರಜೆ ಇರಲಿ ಅಂತ ಶಿಫಾರಸು ಮಾಡಿತು. ಇಷ್ಟು ವರ್ಷದಲ್ಲಿ ಕಾಗದದ ಮೇಲಿನ ಅಂಕಿಯೇ 48ರಿಂದ 74ಕ್ಕೆ ಏರಿತು ನೋಡಿ. ಈ ಕೇಸು ನಡೆದ ವಾರ ಡಾ. ಕ ಕೆಲಸ ಮಾಡಿದ್ದು 90 ಗಂಟೆಗೂ ಮೇಲೆ.

ಅದರ ಜೊತೆಗೆ ಥೀಸಿಸ್. ಕೊಡುವ ಕೊನೇ ದಿನ ಹತ್ತಿರ ಬಂದಿತ್ತು. ಹಿಂದಿನ ಎರಡು ರಾತ್ರಿ ಅವರು ಮಲಗಿದ್ದು ನಾಲ್ಕು, ನಾಲ್ಕೂವರೆ ಗಂಟೆ. ಡ್ಯೂಟಿಗೆ ಬರುವಾಗಲೇ ನಿದ್ದೆಯ ಸಾಲ ತಲೆ ಮೇಲಿತ್ತು. ಡ್ಯೂಟಿ ಪಟ್ಟಿ ಮಾಡುವವರಿಗೆ ಇದು ಕಾಣುವುದಿಲ್ಲ, ಪಟ್ಟಿಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಆ ರಾತ್ರಿ

ಮುಂಗಾರು ಶುರುವಾಗಿ ಕೆಲವು ವಾರ ಆಗಿತ್ತು. ಬೆಳಗಿನ ಜಾವ 4 ಗಂಟೆ ಸುಮಾರಿಗೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬರನ್ನು ಗೂಡ್ಸ್ ಆಟೋದಲ್ಲಿ ಕರೆತಂದರು. ಕೂಲಿ ಕೆಲಸದವರು. ಜೊತೆಗೆ ಬಂದ ಗಂಡ ಹೇಳಿದ್ದು ಇಷ್ಟು: "ಒಂದು ಗಂಟೆಯಿಂದ ಹೊಟ್ಟೆ ಕಿವುಚ್ತೈತೆ ಅಂತವ್ಳೆ ಸಾ, ಎಲ್ಡು ಸಲ ವಾಂತಿ ಆಯ್ತು."

ಡಾ. ಕ ನೋಡಿದರು. ಬಿಪಿ ಸರಿ ಇದೆ. ನಾಡಿ ಸ್ವಲ್ಪ ಜೋರು. ಹೊಟ್ಟೆ ಮೆತ್ತಗಿದೆ, ಒತ್ತಿದರೆ ಅಂಥಾ ನೋವಿಲ್ಲ. ಇಸಿಜಿ ತೆಗೆಸಿದರು, ಅದೂ ಸರಿ. ರಾತ್ರಿ ಏನು ತಿಂದಿದ್ದು ಅಂತ ಕೇಳಿದರು. ಬೀಗರ ಊಟಕ್ಕೆ ಹೋಗಿದ್ದೆವು ಅಂದರು. ಅಲ್ಲಿಗೆ ಮುಗಿಯಿತು. ಗ್ಯಾಸ್ಟ್ರೈಟಿಸ್ (ಹೊಟ್ಟೆಯ ಒಳಪೊರೆಯ ಉರಿಯೂತ) ಅಂತ ಬರೆದು, ಆಸಿಡ್ ಮತ್ತು ವಾಂತಿ ತಗ್ಗಿಸುವ ಪ್ಯಾಂಟಪ್ರಜಾಲ್, ಒಂಡನ್‌ಸೆಟ್ರಾನ್ ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿ, ಬೆಳಿಗ್ಗೆ ಕಳಿಸಬಹುದು ಅಂತ ಸೇರಿಸಿದರು. ಕೇಸ್ ಶೀಟಿನಲ್ಲಿ ಒಂದು ಸಾಲು ಹೀಗಿದೆ: 'ಡ್ರೌಸಿ (ಮಂಪರು), ಕರೆದರೆ ಓಗೊಡುತ್ತಾರೆ.' ಅಂದರೆ ಆಕೆಯ ರೆಪ್ಪೆ ಇಳಿದಿರುವುದನ್ನು ಅವರು ನೋಡಿದ್ದರು. ನಾಲ್ಕು ಗಂಟೆಗೆ ಎಬ್ಬಿಸಿ ಕರೆತಂದವರ ಕಣ್ಣು ಎಳೆಯುವುದು ಸಹಜ ಅಂದುಕೊಂಡರು.

ಆಕೆ ಮಲಗಿದ್ದು ಎಲ್ಲಿ ಅಂತ ಕೇಳಲಿಲ್ಲ. ನೆಲದ ಮೇಲೆ, ಚಾಪೆ ಹಾಸಿಕೊಂಡು. ಕೇಳಿದ್ದರೆ ಗಂಡ ಅಷ್ಟನ್ನು ಹೇಳುತ್ತಿದ್ದ.

ಮಳೆಗಾಲ, ನೆಲದ ಮೇಲೆ ಮಲಗಿದವರು, ನಡುರಾತ್ರಿ ಎದ್ದು ಹೊಟ್ಟೆನೋವು, ವಾಂತಿ, ಆಮೇಲೆ ರೆಪ್ಪೆ ಜೋಲುವುದು. ನಮ್ಮ ಕಡೆಯ ಯಾವ ಮೆಡಿಸಿನ್ ಪಿಜಿಗೆ ಹಗಲು ಹನ್ನೊಂದು ಗಂಟೆಗೆ ಇಷ್ಟು ಹೇಳಿದರೂ ತಕ್ಷಣ ಕಟ್ಟು ಹಾವು ಅನ್ನುತ್ತಾರೆ. ಅದು ರಾತ್ರಿ ಓಡಾಡುವ ಹಾವು. ಮಲಗಿದವರನ್ನು ಕಚ್ಚುತ್ತದೆ. ನಾಗರಹಾವಿನ ಹಾಗೆ ಊತ, ಉರಿ ಇರುವುದಿಲ್ಲ. ಎಷ್ಟೋ ಸಲ ಹಲ್ಲಿನ ಗುರುತೂ ಸಿಗುವುದಿಲ್ಲ, ಕಚ್ಚಿದ್ದೇ ಗೊತ್ತಾಗದೆ ಮತ್ತೆ ಮಲಗಿದವರೂ ಇದ್ದಾರೆ. ಮಂಡಲದ ಹಾವು ಕಚ್ಚಿದಾಗ ಆಗುವಂತೆ ರಕ್ತ ಹೆಪ್ಪುಗಟ್ಟುವುದೂ ಕೆಡುವುದಿಲ್ಲ, ಹಾಗಾಗಿ 20 ನಿಮಿಷದಲ್ಲಿ ರಕ್ತ ಹೆಪ್ಪುಗಟ್ಟುತ್ತಾ ಅಂತ ನೋಡುವ ಪರೀಕ್ಷೆ ಸರಿಯಾಗೇ ಬರುತ್ತದೆ. ವಿಷ ಕೆಲಸ ಮಾಡುವುದು ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ. ಮೊದಲು ರೆಪ್ಪೆ, ಆಮೇಲೆ ನುಂಗುವುದು, ಕುತ್ತಿಗೆ, ಕೊನೆಗೆ ಉಸಿರು. ಇದೆಲ್ಲ ಡಾ. ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೆಲವೇ ತಿಂಗಳ ಹಿಂದೆ ಹಾವು ಕಡಿತದ ಬಗ್ಗೆ ವಿಭಾಗದಲ್ಲಿ ಸೆಮಿನಾರ್ ಕೊಟ್ಟಿದ್ದು ಅವರೇ.

ನಾಲ್ಕೂ ಮುಕ್ಕಾಲಿಗೆ ಸಿಸ್ಟರ್ ಫೋನ್ ಮಾಡಿದರು. ಹೊಟ್ಟೆನೋವಿನ ಪೇಷಂಟ್ ಮಾತು ಮೂಗಿನಲ್ಲಿ ಬರುತ್ತಿದೆ, ಜೊಲ್ಲು ಸುರಿಯುತ್ತಿದೆ, ಒಂದ್ಸಲ ಬಂದು ನೋಡಿ ಅಂದರು. ಡಾ. ಕ ಆಗ ಇನ್ನೊಂದು ಕೇಸಿನಲ್ಲಿದ್ದರು. "ವಾಂತಿಯ ಇಂಜೆಕ್ಷನ್ ಕೊಟ್ಟಿದೀವಲ್ಲ ಸಿಸ್ಟರ್, ನಿದ್ದೆಗಣ್ಣಲ್ಲಿರ್ತಾರೆ. ಆರು ಗಂಟೆಗೆ ನೋಡ್ತೀನಿ" ಅಂದರು.

ಕೇಸು ತಿರುಗಿದ್ದು ಇಲ್ಲಿ. ಸಿಸ್ಟರ್ ಇಪ್ಪತ್ತು ವರ್ಷದ ಅನುಭವದವರು. ಮತ್ತೆ ಹಾಸಿಗೆ ಹತ್ತಿರ ಹೋಗಿ ಆಕೆಯ ಕೈ ಹಿಡಿದು, ನನ್ನ ಬೆರಳು ಹಿಸುಕಮ್ಮಾ ಅಂದರು. ಗಟ್ಟಿಯಾಗಿ ಹಿಸುಕಿದಳು. ಅಂದರೆ ಎಚ್ಚರ ಇದೆ. ಕಣ್ಣು ಬಿಡು ಅಂದರು. ಹುಬ್ಬು ಮೇಲೆ ಹೋಯಿತು, ಹಣೆಯಲ್ಲಿ ನೆರಿಗೆ ಬಿತ್ತು, ರೆಪ್ಪೆ ಮಾತ್ರ ಮೇಲೇಳಲಿಲ್ಲ. ಅವರು ಡಾ. ಕ ಅವರಿಗೆ ಮತ್ತೆ ಫೋನ್ ಮಾಡಲಿಲ್ಲ. ಪಕ್ಕದ ಐಸಿಯುಗೆ ನಡೆದು ಹೋಗಿ ಅನಸ್ತೇಶಿಯಾ (ಅರಿವಳಿಕೆ) ವಿಭಾಗದ ರೆಸಿಡೆಂಟ್ ವೈದ್ಯರನ್ನು ಕರೆದರು: "ನಿದ್ದೆ ಅಲ್ಲ ಡಾಕ್ಟ್ರೇ, ಎಚ್ಚರವಾಗೇ ಇದಾಳೆ. ಕಣ್ಣು ತೆರೆಯೋಕೆ ಆಗ್ತಿಲ್ಲ ಅವಳಿಗೆ."

ಆ ರೆಸಿಡೆಂಟ್ ಅವತ್ತು ಮೂರು ಗಂಟೆಯಷ್ಟು ಮಲಗಿ ಎದ್ದಿದ್ದರು. ಬಂದು ನೋಡಿದರು. ದಿಂಬಿನಿಂದ ತಲೆ ಎತ್ತಲು ಆಗುತ್ತಿಲ್ಲ. ಒಂದೇ ಉಸಿರಿನಲ್ಲಿ ಎಣಿಸು ಅಂದರೆ ಎಂಟಕ್ಕೇ ನಿಂತಳು. ಅಷ್ಟರಲ್ಲಿ ಡಾ. ಕ ಕೂಡ ಬಂದರು. ಹತ್ತು ಬಾಟಲಿ ವಿಷ ನಿರೋಧಕ ಕೊಟ್ಟರು. ನರದಿಂದ ಸ್ನಾಯುವಿಗೆ ಹೋಗುವ ಸಂಕೇತಕ್ಕೆ ಬಲ ಕೊಡುವ ನಿಯೋಸ್ಟಿಗ್ಮಿನ್ ಕೊಟ್ಟು ನೋಡಿದರು, ಕಟ್ಟು ಹಾವಿನ ವಿಷಕ್ಕೆ ಅದು ಅಷ್ಟಾಗಿ ತಾಗುವುದಿಲ್ಲ, ಇಲ್ಲೂ ತಾಗಲಿಲ್ಲ. ಬೆಳಕು ಹರಿಯುವ ಮೊದಲೇ ಟ್ಯೂಬ್ ಹಾಕಿ ವೆಂಟಿಲೇಟರಿಗೆ ಸೇರಿಸಿದರು. ನಾಲ್ಕು ದಿನದ ಮೇಲೆ ಟ್ಯೂಬ್ ತೆಗೆದರು. ಆಕೆ ಚೇತರಿಸಿಕೊಂಡು ನಡೆದುಕೊಂಡೇ ಮನೆಗೆ ಹೋದಳು. ಹಾವನ್ನು ಯಾರೂ ನೋಡಲಿಲ್ಲ. ಮನೆಯವರು ಹುಡುಕಿದರೂ ಸಿಗಲಿಲ್ಲ.

ಕಾಗದಗಳು ಹೇಳಿದ್ದು

ಮೊದಲು ಆದದ್ದು ಎಲ್ಲ ಕಡೆ ಆಗುವುದೇ. ಡಾ. ಕ ಅವರಿಗೆ ಮೆಮೊ ಬಂತು. ನಿರ್ಲಕ್ಷ್ಯ ಏಕೆ, ಮೂರು ದಿನದಲ್ಲಿ ಉತ್ತರಿಸಿ. ಅದರ ಜೊತೆಗೆ ಎಲ್ಲ ಪಿಜಿಗಳಿಗೂ ಒಂದು ಸುತ್ತೋಲೆ, ರಾತ್ರಿ ವೇಳೆ ಎಚ್ಚರ ವಹಿಸಿ ಅಂತ. ಈ ಸುತ್ತೋಲೆಯಿಂದ ಏನೂ ಆಗಲಿಲ್ಲ, ಅದರ ಬಗ್ಗೆ ಜಾಸ್ತಿ ಬರೆಯುವುದೂ ದಂಡ.

ಆದರೆ ಯೂನಿಟ್ ಮುಖ್ಯಸ್ಥರಿಗೆ ಒಂದು ಯೋಚನೆ ಬಂತು. ಈ ಒಂದೇ ಶೀಟ್ ಬೇಡ, ಆ ರಾತ್ರಿ ಡಾ. ಕ ಬರೆದ ಅಷ್ಟೂ ಕೇಸ್ ಶೀಟ್ ತರಿಸಿ ಅಂದರು. ಗಂಟೆಯ ಪ್ರಕಾರ ಸೆಮಿನಾರ್ ರೂಮಿನ ಮೇಜಿನ ಮೇಲೆ ಸಾಲಾಗಿ ಹಾಸಿದೆವು. ರಾತ್ರಿ 9ರ ಶೀಟು ಪುಟ ತುಂಬ ಇದೆ. ಜ್ವರದ ಹುಡುಗ, ಮೂರು ಕಾರಣ ಇರಬಹುದು ಅಂತ ಬರೆದು, ಒಂದೊಂದಕ್ಕೂ ಯಾವ ಪರೀಕ್ಷೆ ಅಂತ ಬರೆದಿದ್ದಾರೆ. ನಡುರಾತ್ರಿ ದಾಟಿದ ಮೇಲೆ ಅರ್ಧ ಪುಟ, ಕಾರಣ ಎರಡು. ಎರಡು ಗಂಟೆಯ ನಂತರದ ಶೀಟುಗಳಲ್ಲಿ ಒಂದೊಂದೇ ರೋಗದ ಹೆಸರು. 'ಇನ್ನೇನಿರಬಹುದು' ಅನ್ನುವ ಜಾಗ ಖಾಲಿ. ಅಕ್ಷರ ಕೆಟ್ಟಿರಲಿಲ್ಲ, ಔಷಧಿಯ ಡೋಸ್ ಒಂದೂ ತಪ್ಪಿರಲಿಲ್ಲ. ಮೂರೂವರೆಗೆ ಒಬ್ಬ ಕಿಡ್ನಿ ರೋಗಿಯ ಕುತ್ತಿಗೆಗೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಹಾಕಿದ್ದರು, ಮೊದಲ ಚುಚ್ಚಿಗೇ. ಅದಕ್ಕೇ ಅಲ್ವಾ ಜೊತೆಯಲ್ಲಿದ್ದ ಯಾರಿಗೂ, ಇಂಟರ್ನ್‌ಗಾಗಲೀ ಸಿಸ್ಟರ್‌ಗಾಗಲೀ, ಇವರು ದಣಿದಿದ್ದಾರೆ ಅನ್ನಿಸಲಿಲ್ಲ.

ಕೈ ಪಳಗಿದ ಕೆಲಸ ನಿದ್ದೆಗೆಟ್ಟರೂ ಸಾಕಷ್ಟು ಸರಿಯಾಗೇ ನಡೆಯುತ್ತದೆ. ಕೆಡುವುದು ಬೇರೆ. ಬ್ರಿಟನ್ನಿನ ಹ್ಯಾರಿಸನ್ ಮತ್ತು ಹಾರ್ನ್ 2000ದಲ್ಲಿ ಈ ವಿಷಯದ ಸಂಶೋಧನೆಗಳನ್ನೆಲ್ಲ ಒಟ್ಟು ಹಾಕಿ ತೋರಿಸಿದ್ದು ಇದನ್ನೇ: ನಿದ್ದೆ ಇಲ್ಲದವರು ಹೊಸ ಸುದ್ದಿ ಬಂದರೂ ಹಳೇ ತೀರ್ಮಾನ ಬದಲಿಸುವುದಿಲ್ಲ, ಒಂದು ದಾರಿ ಹಿಡಿದರೆ ಅದರಲ್ಲೇ ಹೋಗುತ್ತಾರೆ. ಸಿಸ್ಟರ್ ಫೋನಿನಲ್ಲಿ ಹೇಳಿದ್ದು ಹೊಸ ಸುದ್ದಿ. ಮೂಗಿನ ಮಾತು, ಜೊಲ್ಲು. ಅದನ್ನೂ ಡಾ. ಕ ಹಳೇ ತೀರ್ಮಾನದ ಒಳಗೇ ಸೇರಿಸಿಕೊಂಡರು. ನನ್ನ ಪ್ರಕಾರ ನಾಲ್ಕು ಗಂಟೆಯ ತಪ್ಪಿಗಿಂತ ನಾಲ್ಕೂ ಮುಕ್ಕಾಲಿನ ಈ ತಪ್ಪು ದೊಡ್ಡದು. ಮೊದಲನೆಯದು ಯಾರಿಗೂ ಆಗಬಹುದು.

ವಿಚಾರಣೆಯಲ್ಲಿ ಅವರನ್ನು ಕೇಳಿದೆವು, ಆಗ ನಿದ್ದೆ ಬರ್ತಿತ್ತಾ? ಉತ್ತರ ಎಲ್ಲರಿಗೂ ಅಚ್ಚರಿ ತಂದಿತು. "ಇಲ್ಲ ಸರ್. ಎರಡು ಗಂಟೆಗೆ ಜೋರು ನಿದ್ದೆ ಬರ್ತಿತ್ತು, ಟೀ ಕುಡಿದೆ, ಹೋಯ್ತು. ನಾಲ್ಕು ಗಂಟೆಗೆ ಫ್ರೆಶ್ ಆಗೇ ಇದ್ದೆ." ಸುಳ್ಳು ಹೇಳುತ್ತಿದ್ದಾರೆ ಅಂತ ಒಬ್ಬ ಪ್ರೊಫೆಸರ್ ಗೊಣಗಿದರು. ಸುಳ್ಳಲ್ಲ ಅದು. ಅಮೆರಿಕದ ವ್ಯಾನ್ ಡಾಂಗೆನ್ ಮತ್ತು ಜೊತೆಗಾರರು 2003ರಲ್ಲಿ ಜನರನ್ನು 14 ದಿನ ದಿನಕ್ಕೆ 6 ಗಂಟೆ ಅಥವಾ 4 ಗಂಟೆ ಮಾತ್ರ ಮಲಗಿಸಿ ನೋಡಿದರು. ಅವರ ಗಮನ ದಿನದಿನಕ್ಕೂ ಕುಸಿಯುತ್ತಾ ಹೋಯಿತು. 6 ಗಂಟೆ ಮಲಗಿದವರ ಕುಸಿತ ಕೂಡ ರಾತ್ರಿಯಿಡೀ ಎದ್ದವರ ಮಟ್ಟಕ್ಕೆ ಬಂತು. ಆದರೆ 'ನಿದ್ದೆ ಬರ್ತಿದೆಯಾ' ಅಂತ ಕೇಳಿದಾಗ ಅವರು ಕೊಟ್ಟ ಅಂಕಿ ಮೊದಲ ಕೆಲವು ದಿನ ಏರಿ ಅಲ್ಲೇ ನಿಂತುಬಿಟ್ಟಿತು. ದಣಿದಿದ್ದೇನೆ ಅಂತ ಗೊತ್ತಾಗುವ ಶಕ್ತಿಯೂ ದಣಿಯುತ್ತದೆ. ಇನ್ನೊಂದು ಲೆಕ್ಕ 1997ರದ್ದು, ಆಸ್ಟ್ರೇಲಿಯಾದಿಂದ ಬಂದದ್ದು: 24 ಗಂಟೆ ಎದ್ದಿರುವವರ ಕೈ ಮತ್ತು ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.10ರಷ್ಟು ಮದ್ಯ ಇರುವವರ ಹಾಗಿರುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 0.03. ಡಾ. ಕ ಆಗ ಎದ್ದು 22 ಗಂಟೆ ಆಗಿತ್ತು. ಮೇಲಾಗಿ ಬೆಳಗಿನ 3ರಿಂದ 6 ಅಂದರೆ ಮೈಯ ಗಡಿಯಾರ ತೀರಾ ಕೆಳಗೆ ಇಳಿದಿರುವ ಹೊತ್ತು, ಚೆನ್ನಾಗಿ ಮಲಗಿ ಬಂದವರಿಗೂ ಅದು ಕಷ್ಟದ ಹೊತ್ತೇ.

ಇಷ್ಟಾದ ಮೇಲೆ 'ಎಚ್ಚರ ವಹಿಸಿ' ಅನ್ನುವ ಸುತ್ತೋಲೆಗೆ ಅರ್ಥ ಉಳಿಯಲಿಲ್ಲ. ಎಚ್ಚರ ಇಲ್ಲ ಅಂತ ಗೊತ್ತಾಗದವರಿಗೆ ಎಚ್ಚರ ವಹಿಸು ಅಂದರೆ ಏನು ಮಾಡಿಯಾರು? ಮೆಮೊ ವಾಪಸ್ ತೆಗೆದುಕೊಳ್ಳಬೇಕು ಅಂತ ಯೂನಿಟ್ ಮುಖ್ಯಸ್ಥರು ಬರೆದು ಕೊಟ್ಟರು. ವಾಪಸಾಯಿತು.

ಮೊದಲ ಪ್ರಯತ್ನ, ಮತ್ತು ಅದು ಕೆಟ್ಟ ಬಗೆ

ಮೊದಲು ಹೊಳೆದದ್ದು ಗಂಟೆ ಕಡಿಮೆ ಮಾಡುವುದು. ರಾತ್ರಿ ಡ್ಯೂಟಿ ಮಾಡಿದವರು ಮಾರನೇ ದಿನ ಮಧ್ಯಾಹ್ನ 12ಕ್ಕೆ ಹೊರಡಬೇಕು ಅಂತ ಮಾಡಿದೆವು. ಒಳ್ಳೆಯದೇ ಅಲ್ವಾ? ಆದರೆ ರೌಂಡ್ಸ್ ಮುಗಿಯುವುದೇ 1 ಗಂಟೆಗೆ. 12ಕ್ಕೆ ಹೊರಟವರು ತಮ್ಮ ಪೇಷಂಟುಗಳನ್ನು ಇನ್ನೊಬ್ಬರಿಗೆ ವಾಟ್ಸಾಪಿನಲ್ಲಿ ಒಪ್ಪಿಸಿ ಹೋಗುತ್ತಿದ್ದರು. 'ಬೆಡ್ 14 ರಿಪೋರ್ಟ್ ನೋಡಿ' ಅಷ್ಟೇ. ಯಾವ ರಿಪೋರ್ಟು, ಏನಿದ್ದರೆ ಏನು ಮಾಡಬೇಕು, ಇಲ್ಲ. ಒಂದು ದಿನ ಹೀಗೇ ಒಬ್ಬರ ಪೊಟ್ಯಾಸಿಯಂ 6.4 (ಹೃದಯಕ್ಕೆ ಅಪಾಯ ಆಗುವಷ್ಟು ಜಾಸ್ತಿ) ಬಂದ ರಿಪೋರ್ಟು ಮಧ್ಯಾಹ್ನದಿಂದ ಸಂಜೆವರೆಗೆ ಯಾರೂ ನೋಡದೆ ಫೈಲಿನಲ್ಲೇ ಇತ್ತು. ಸಂಜೆ ರೌಂಡ್ಸಿನಲ್ಲಿ ಸಿಕ್ಕಿತು, ರೋಗಿಗೆ ಏನೂ ಆಗಲಿಲ್ಲ. ಹಳೇ ಪದ್ಧತಿ ಇಷ್ಟಪಡುವ ಹಿರಿಯರಿಗೆ ಇಷ್ಟು ಸಾಕಾಯಿತು. ನಾವೆಲ್ಲ 36 ಗಂಟೆ ಮಾಡಿಲ್ವಾ, ಒಬ್ಬರೇ ನೋಡಿದರೆ ರೋಗಿಗೆ ಒಳ್ಳೆಯದು ಅಂದರು.

ಅವರ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. ಈ ಜಗಳ ಅಮೆರಿಕದಲ್ಲಿ ಎಷ್ಟೋ ವರ್ಷದಿಂದ ನಡೆದಿದೆ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಲಿಬ್ಬಿ ಜಯಾನ್ ಅನ್ನುವ 18 ವರ್ಷದ ಹುಡುಗಿ ಸತ್ತಳು. ಅವಳನ್ನು ನೋಡಿಕೊಂಡವರು ದಣಿದಿದ್ದ ಕಿರಿಯ ವೈದ್ಯರು, ಮೊದಲೇ ತೆಗೆದುಕೊಳ್ಳುತ್ತಿದ್ದ ಮಾತ್ರೆಗೆ ಹೊಂದದ ಪೆಥಿಡಿನ್ ಅನ್ನುವ ಔಷಧಿ ಕೊಟ್ಟಿದ್ದರು. ಅವಳ ತಂದೆಯ ಹೋರಾಟದಿಂದ 1989ರಲ್ಲಿ ಆ ರಾಜ್ಯದಲ್ಲಿ ವಾರಕ್ಕೆ 80 ಗಂಟೆ, ಒಂದೇ ಸಮನೆ 24 ಗಂಟೆ ಅನ್ನುವ ಮಿತಿ ಬಂತು. 2003ರಲ್ಲಿ 80 ಗಂಟೆಯ ಮಿತಿ ದೇಶಕ್ಕೆಲ್ಲ ಬಂತು. 2004ರಲ್ಲಿ ಬಾಸ್ಟನ್ನಿನ ಐಸಿಯು ಒಂದರಲ್ಲಿ ಹೋಲಿಸಿ ನೋಡಿದಾಗ ಹಳೇ ಪದ್ಧತಿಯ ಉದ್ದ ಪಾಳಿಯಲ್ಲಿ ಇಂಟರ್ನ್‌ಗಳ ಗಂಭೀರ ತಪ್ಪು ಶೇ. 36ರಷ್ಟು ಜಾಸ್ತಿ ಇತ್ತು. ಸರಿ, ಗೆದ್ದೆವು ಅಂದುಕೊಂಡರೆ 2020ರಲ್ಲಿ ಅದೇ ಗುಂಪಿನವರು ಹಲವು ಮಕ್ಕಳ ಐಸಿಯುಗಳಲ್ಲಿ ಮಾಡಿದ ದೊಡ್ಡ ಪ್ರಯೋಗದಲ್ಲಿ ಉಲ್ಟಾ ಬಂತು, ಪಾಳಿ ಚಿಕ್ಕದು ಮಾಡಿದ ಕಡೆ ತಪ್ಪು ಜಾಸ್ತಿ! ಯಾಕೆ ಅಂತ ನೋಡಿದರೆ ಚಿಕ್ಕ ಪಾಳಿ ಬಂದಾಗ ಒಬ್ಬೊಬ್ಬ ರೆಸಿಡೆಂಟ್ ನೋಡುವ ರೋಗಿಗಳ ಸಂಖ್ಯೆ ಏರಿತ್ತು. ಆ ಹೊರೆಯನ್ನು ಲೆಕ್ಕಕ್ಕೆ ಹಿಡಿದಾಗ ವ್ಯತ್ಯಾಸ ಉಳಿಯಲಿಲ್ಲ. ಜನ ಸೇರಿಸದೆ ಗಂಟೆ ಮಾತ್ರ ಕತ್ತರಿಸಿದರೆ ತಪ್ಪು ಎಲ್ಲೂ ಹೋಗುವುದಿಲ್ಲ, ಜಾಗ ಬದಲಿಸುತ್ತದೆ. ನಮ್ಮ ಬೆಡ್ 14ರಲ್ಲಿ ಆದದ್ದು ಅದೇ.

ನಮಗೆ ಹೊಸ ಜನ ಸಿಗುವಂತಿರಲಿಲ್ಲ. ಹಾಗಾಗಿ ಪ್ರಶ್ನೆಯನ್ನೇ ಬದಲಿಸಿದೆವು. 33 ಗಂಟೆಯನ್ನು ಎಷ್ಟಕ್ಕೆ ಇಳಿಸೋಣ ಅನ್ನುವುದು ಬಿಟ್ಟು, ಬೆಳಗಿನ ಜಾವ ತೀರ್ಮಾನ ತೆಗೆದುಕೊಳ್ಳುವ ತಲೆ ಸ್ವಲ್ಪವಾದರೂ ಮಲಗಿರುವ ಹಾಗೆ ಮಾಡುವುದು ಹೇಗೆ, ಆ ತಲೆ ಒಂಟಿಯಾಗದ ಹಾಗೆ ಮಾಡುವುದು ಹೇಗೆ ಅಂತ ಕೇಳಿಕೊಂಡೆವು.

ಎರಡನೇ ಪ್ರಯತ್ನ

ಅಡ್ಮಿಶನ್ ರಾತ್ರಿ ನಮ್ಮಲ್ಲಿ ಇಬ್ಬರು ಪಿಜಿ ಇರುತ್ತಾರೆ, ಒಬ್ಬರು ಕ್ಯಾಶುವಾಲ್ಟಿ, ಒಬ್ಬರು ವಾರ್ಡು. ಹೆಸರಿಗೆ ಹಾಗೆ, ನಿಜದಲ್ಲಿ ಇಬ್ಬರೂ ರಾತ್ರಿಯೆಲ್ಲ ಎದ್ದು ಎರಡೂ ಕಡೆ ಓಡುತ್ತಾರೆ. ಇದನ್ನು ಒಡೆದೆವು. 12:30ರಿಂದ 3:30 ಒಬ್ಬರು ಮಲಗಬೇಕು, 3:30ರಿಂದ 6:30 ಇನ್ನೊಬ್ಬರು. ಎದ್ದಿರುವವರೇ ಎರಡೂ ನೋಡುತ್ತಾರೆ, ಮಿತಿ ಮೀರಿದರೆ ಮಾತ್ರ ಎಬ್ಬಿಸುವುದು.

ಮೊದಲ ಕೆಲವು ವಾರ ಯಾರೂ ಮಲಗಲಿಲ್ಲ. ಒಂದನೇ ವರ್ಷದವರಿಗೆ ಹೆದರಿಕೆ, ಸೀನಿಯರ್ ಎದ್ದಿರುವಾಗ ನಾನು ಮಲಗಿದರೆ ನಾಳೆ ಏನಂದುಕೊಳ್ಳುತ್ತಾರೋ ಅಂತ. ಮಲಗುವ ಮೂರು ಗಂಟೆಯಲ್ಲಿ ಡಿಸ್ಚಾರ್ಜ್ ಕಾಗದ ಬರೆಯುತ್ತಿದ್ದರು. ಮಲಗಿದವರಿಗೂ ಫೋನ್ ಬಿಡುತ್ತಿರಲಿಲ್ಲ, ಲ್ಯಾಬು, ವಾರ್ಡು, ರೋಗಿಯ ಕಡೆಯವರು, ಎಲ್ಲರ ಬಳಿಯೂ ಅವರ ಸ್ವಂತ ನಂಬರ್ ಇತ್ತು. ಪಟ್ಟಿಯಲ್ಲಿ ನಿದ್ದೆ, ಹಾಸಿಗೆಯಲ್ಲಿ ಇಲ್ಲ.

ಎರಡು ಸಣ್ಣ ತೀರ್ಮಾನ ಇದನ್ನು ತಿರುಗಿಸಿತು. ಒಂದು, ಯೂನಿಟ್ಟಿಗೆ ಒಂದು ಡ್ಯೂಟಿ ಫೋನ್ ಕೊಂಡೆವು, ಬಟನ್ ಇರುವ ಹಳೇ ಕಾಲದ್ದು. ಕರೆಗಳೆಲ್ಲ ಅದಕ್ಕೇ. ಮಲಗುವವರು ಆ ಫೋನನ್ನು ಎದ್ದಿರುವವರ ಕೈಗೆ ಕೊಟ್ಟು, ಸ್ವಂತ ಫೋನ್ ಸೈಲೆಂಟ್ ಮಾಡಿ ಹೋಗಬೇಕು. ಕೊಡುವಾಗ ಫೋನ್ ಮಾತ್ರ ಕೊಟ್ಟು ಹೋಗುವಂತಿಲ್ಲ, ಕಷ್ಟದ ರೋಗಿಗಳ ಹಾಸಿಗೆ ಹತ್ತಿರ ಇಬ್ಬರೂ ನಿಂತು ಹೇಳಬೇಕು: ಏನಾಗಿದೆ, ಏನು ಬಾಕಿ ಇದೆ, ಏನಾದರೆ ಏನು ಮಾಡಬೇಕು. ಹ್ಯಾಂಡೋವರ್, ಅಂದರೆ ರೋಗಿಗಳನ್ನು ಇನ್ನೊಬ್ಬರಿಗೆ ಒಪ್ಪಿಸುವುದನ್ನು, ಹೀಗೆ ಒಂದು ಕ್ರಮದಲ್ಲಿ ಮಾಡುವ ಐ-ಪಾಸ್ ಪದ್ಧತಿಯನ್ನು 9 ಆಸ್ಪತ್ರೆಗಳಲ್ಲಿ ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ವೈದ್ಯಕೀಯ ತಪ್ಪುಗಳು ಶೇ. 23ರಷ್ಟು ಇಳಿದಿದ್ದವು. ನಾವು ಅದನ್ನೇ ಕನ್ನಡ ಇಂಗ್ಲಿಷ್ ಬೆರೆಸಿ ಒಂದು ಪುಟಕ್ಕೆ ಇಳಿಸಿದೆವು.

ಎರಡನೆಯದು, ಮುಖ್ಯಸ್ಥರು ರೌಂಡ್ಸಿನಲ್ಲಿ ಕೇಳುವ ಮೊದಲ ಪ್ರಶ್ನೆ ಬದಲಾಯಿತು. "ನಿನ್ನೆ ಎಷ್ಟು ಅಡ್ಮಿಶನ್?" ಅನ್ನುವ ಬದಲು "ಇಬ್ಬರೂ ಮಲಗಿದ್ರಾ?" ಇಲ್ಲ ಅಂದರೆ ಯಾಕೆ ಅಂತ ವಿವರಿಸಬೇಕು. ಮಲಗದೇ ಇರುವುದು ಹೆಚ್ಚುಗಾರಿಕೆ ಅನ್ನುವ ಭಾವನೆ ಇದೊಂದರಿಂದ ಎಷ್ಟು ಬೇಗ ಇಳಿಯಿತು ಅಂದರೆ ನನಗೇ ನಂಬಲಾಗಲಿಲ್ಲ.

ಮಲಗುವ ಜಾಗ ಇನ್ನೊಂದು ರಗಳೆ. ಹಳೇ ಎಕೋ ಯಂತ್ರದ ಡಬ್ಬಗಳು ತುಂಬಿದ್ದ ಸ್ಟೋರ್ ರೂಮನ್ನು ಖಾಲಿ ಮಾಡಿಸಿದೆವು. ಹೆಣ್ಣುಮಕ್ಕಳಿಗೆ ಬೇರೆ ರೂಮು, ಒಳಗಿನಿಂದ ಗಟ್ಟಿ ಚಿಲಕ, ಹೊರಗೆ ದೀಪ. ಚಿಲಕ ಹಾಕಿಸಲು ಫೈಲ್ ಓಡಿಸಬೇಕಾಯಿತು ಅಂದರೆ ನಗಬೇಡಿ. 2024ರ ಆಗಸ್ಟಿನಲ್ಲಿ ಕೋಲ್ಕತ್ತಾದಲ್ಲಿ ಉದ್ದ ಡ್ಯೂಟಿಯ ನಡುವೆ ಸೆಮಿನಾರ್ ಹಾಲಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದ ಪಿಜಿ ವೈದ್ಯೆಗೆ ಆದದ್ದು ಎಲ್ಲರಿಗೂ ಗೊತ್ತಿದೆ. ಬೀಗವಿಲ್ಲದ ಕಡೆ ಹೆಣ್ಣುಮಗಳಿಗೆ ಮಲಗು ಅಂತ ಹೇಳುವ ಹಕ್ಕು ನಮಗಿಲ್ಲ.

ಹೊಸ ತೊಂದರೆಯೂ ಬಂತು. ಆಳವಾದ ನಿದ್ದೆಯಿಂದ 3:30ಕ್ಕೆ ಎಬ್ಬಿಸಿದವರು ಮೊದಲ ಹತ್ತು ಹದಿನೈದು ನಿಮಿಷ ಯಾವ ಲೋಕದಲ್ಲೂ ಇರುವುದಿಲ್ಲ. ಒಬ್ಬರು ಹಾಗೇ ಎದ್ದು ಬಂದು ಇನ್ಸುಲಿನ್ ಡೋಸನ್ನು ಬೇರೆಯವರ ಚಾರ್ಟಿಗೆ ಬರೆದರು. ಸಿಸ್ಟರ್ ಹಿಡಿದರು. ಆಮೇಲೆ ಎದ್ದವರು ಮುಖ ತೊಳೆದು, ಟೀ ಕುಡಿದು, ಜೊತೆಯವರ ಹಿಂದೆ ಒಂದು ಸುತ್ತು ಹಾಕುವವರೆಗೆ ಪೆನ್ನು ಮುಟ್ಟಬಾರದು ಅಂತ ಮಾಡಿದೆವು.

ಇನ್ನೊಂದು ಕಣ್ಣು

ಸಿಸ್ಟರ್ ಐಸಿಯುಗೆ ನಡೆದು ಹೋಗದೇ ಇದ್ದಿದ್ದರೆ ಆ ಹೆಂಗಸು ಉಳಿಯುತ್ತಿರಲಿಲ್ಲ. ಅವರು ಹಾಗೆ ಮಾಡಿದ್ದು ನಿಯಮದ ಪ್ರಕಾರ ಅಲ್ಲ, ಧೈರ್ಯದಿಂದ. ಬೈಗುಳ ತಿಂದರೂ ತಿನ್ನಬಹುದಿತ್ತು. ನಮ್ಮ ಆಸ್ಪತ್ರೆಗಳಲ್ಲಿ ಪಿಜಿ ಒಮ್ಮೆ ಹೇಳಿದ ಮೇಲೆ ಅವರನ್ನು ದಾಟಿ ಇನ್ನೊಬ್ಬರನ್ನು ಕರೆಯುವುದು ಸಿಸ್ಟರ್‌ಗಳಿಗೆ ಎಷ್ಟು ಕಷ್ಟ ಅಂತ ಒಳಗಿರುವವರಿಗೆ ಗೊತ್ತು. ಹಾಗಾಗಿ ಆ ಧೈರ್ಯವನ್ನೇ ನಿಯಮ ಮಾಡಿದೆವು: ಒಮ್ಮೆ ಕರೆದು ಸಮಾಧಾನ ಆಗದಿದ್ದರೆ ಸಿಸ್ಟರ್ ಯಾರನ್ನು ಬೇಕಾದರೂ ಕರೆಯಬಹುದು, ಅಪ್ಪಣೆ ಬೇಡ, ಮಾರನೇ ದಿನ ಪ್ರಶ್ನೆ ಇಲ್ಲ. ಇದು ಒಬ್ಬಿಬ್ಬರು ಪಿಜಿಗಳಿಗೆ ಅವಮಾನ ಅನ್ನಿಸಿತು. ಅನ್ನಿಸಲಿ ಬಿಡಿ.

3ರಿಂದ 6ರ ನಡುವೆ ಬಂದ ಯಾವ ರೋಗಿಯನ್ನೂ ಒಬ್ಬರೇ ನೋಡಿ ಮನೆಗೆ ಕಳಿಸುವಂತಿಲ್ಲ ಅನ್ನುವುದು ಇನ್ನೊಂದು. ಕೇಸ್ ಶೀಟಿನಲ್ಲಿ 'ಇದಲ್ಲದಿದ್ದರೆ ಇನ್ನೇನು?' ಅನ್ನುವ ಸಾಲು ತುಂಬಲೇಬೇಕು, ಇಂಟರ್ನ್ ಹತ್ತಿರ ಕೇಳಿ ತುಂಬಿದರೂ ಸರಿ. ಮಳೆಗಾಲದಲ್ಲಿ ರಾತ್ರಿ ಹೊಟ್ಟೆನೋವು ಅಂತ ಬಂದವರಿಗೆಲ್ಲ ಎರಡು ಪ್ರಶ್ನೆ ಕಡ್ಡಾಯ: ಎಲ್ಲಿ ಮಲಗಿದ್ರಿ? ಮೇಲೆ ನೋಡಿ, ರೆಪ್ಪೆ ನಿಲ್ಲುತ್ತಾ? ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಕೇಸುಗಳನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ ಆಗಿದೆ, ಆದರೆ ಕಡಿತ ಅಂತ ಗೊತ್ತಾದರೆ ತಾನೇ ವರದಿ.

ರಾತ್ರಿ ಆನ್-ಕಾಲ್ ಇರುವ (ಕರೆದರೆ ಬರಬೇಕಾದ) ಅಸಿಸ್ಟೆಂಟ್ ಪ್ರೊಫೆಸರ್‌ಗೆ ಪಿಜಿಗಳು ಫೋನ್ ಮಾಡುವುದೇ ಇಲ್ಲ, ಎಬ್ಬಿಸಿದರೆ ಬೈತಾರೆ ಅಂತ. 'ಯಾವಾಗ ಬೇಕಾದರೂ ಮಾಡಿ' ಅಂತ ಎಷ್ಟು ಹೇಳಿದರೂ ಮಾಡಲಿಲ್ಲ. ಕೊನೆಗೆ ಕರೆಯ ದಿಕ್ಕು ತಿರುಗಿಸಿದೆವು. ಅವರೇ ರಾತ್ರಿ 11ಕ್ಕೂ ಬೆಳಗಿನ 5ಕ್ಕೂ ಡ್ಯೂಟಿ ಫೋನಿಗೆ ಕರೆ ಮಾಡುತ್ತಾರೆ. ಯಾರ ಬಗ್ಗೆ ಅನುಮಾನ ಇದೆ ಅಂತ ಕೇಳುತ್ತಾರೆ. ಎಲ್ಲ ಸರಿ ಇದೆ ಸರ್ ಅನ್ನುವ ಉತ್ತರ ಒಪ್ಪುವುದಿಲ್ಲ, ಒಬ್ಬರ ಹೆಸರಾದರೂ ಹೇಳಬೇಕು. ಬೆಳಗಿನ ಕರೆ ಬಂದಾಗಲೇ ಎಷ್ಟೋ ಸಲ ಪಿಜಿ ತಾವು ಮಾತಾಡುತ್ತಾ ಮಾತಾಡುತ್ತಾ ತಡೀರಿ ಸರ್, ಇದನ್ನ ನೋಡಿಲ್ಲ ಅಂತ ಎದ್ದು ಹೋಗಿದ್ದಾರೆ.

ಆದದ್ದು, ಆಗದ್ದು

ತಪ್ಪು ಶೇಕಡಾ ಇಷ್ಟು ಇಳಿಯಿತು ಅಂತ ಹೇಳುವ ಲೆಕ್ಕ ನಮ್ಮ ಹತ್ತಿರ ಇಲ್ಲ, ಒಂದು ಯೂನಿಟ್ಟಿನ ಅನುಭವಕ್ಕೆ ಆ ಭಾರ ಹೊರಿಸಲೂಬಾರದು. ಕಣ್ಣಿಗೆ ಕಂಡದ್ದು ಇದು: ನಾಲ್ಕು ಗಂಟೆಯ ಕೇಸ್ ಶೀಟುಗಳಲ್ಲಿ ಈಗ ಎರಡನೇ ರೋಗದ ಹೆಸರು ಇರುತ್ತದೆ. ಕೆಲವು ಸಲ ಸುಮ್ನೆ ತುಂಬಿದ್ದು ಅಂತ ನೋಡಿದರೇ ಗೊತ್ತಾಗುತ್ತೆ, ಆದರೂ ಇರುತ್ತದೆ. ಮುಂದಿನ ಮಳೆಗಾಲದಲ್ಲಿ ಹೀಗೇ ಒಬ್ಬರು ಬಂದರು, ನೆಲದ ಮೇಲೆ ಮಲಗಿದ್ದವರು, ಹೊಟ್ಟೆನೋವು, ವಾಂತಿ. ಹಾವಿನ ಅನುಮಾನದಿಂದ ಒಂದೊಂದು ಗಂಟೆಗೂ ರೆಪ್ಪೆ, ಉಸಿರು ನೋಡಿದರು. ಕೊನೆಗೆ ಅದು ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ಊತ ಅಂತ ಬಂತು. ಹಾವಲ್ಲ. ಆದರೆ ಗ್ಯಾಸ್ಟ್ರೈಟಿಸ್ ಅಂತ ಮನೆಗೆ ಹೋಗಲಿಲ್ಲ.

ಸರಿಹೋಗದ್ದು ಬೇಕಾದಷ್ಟಿದೆ. ಒಟ್ಟು ಡ್ಯೂಟಿ 32, 33ರಿಂದ ಇಳಿದರೂ ಈಗಲೂ 28 ಗಂಟೆಯ ಆಸುಪಾಸು, ಮೂರು ಗಂಟೆ ನಿದ್ದೆ ಅದರ ಸಾಲ ತೀರಿಸುವುದಿಲ್ಲ. ಮನೆಯಿಂದ ಬರುವ ಪಿಜಿಗಳು ಡ್ಯೂಟಿ ಮುಗಿಸಿ ಸ್ಕೂಟರ್ ಹತ್ತುತ್ತಾರೆ. ಅಮೆರಿಕದಲ್ಲಿ 2005ರಲ್ಲಿ ಇಂಟರ್ನ್‌ಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಉದ್ದ ಪಾಳಿಯ ನಂತರ ವಾಹನ ಅಪಘಾತದ ಸಂಭವ ಎರಡು ಪಟ್ಟಿಗೂ ಜಾಸ್ತಿ ಇತ್ತು. ಮಧ್ಯಾಹ್ನ ಅದೇ ರೂಮಿನಲ್ಲಿ ಒಂದು ಗಂಟೆ ಮಲಗಿ ಆಮೇಲೆ ಹೊರಡಿ ಅಂತ ಹೇಳುತ್ತೇವೆ. ಅರ್ಧ ಜನ ಕೇಳುತ್ತಾರೆ. ಥೀಸಿಸ್ಸಿನ ಕೊನೇ ದಿನಗಳಿಗೂ ಅಡ್ಮಿಶನ್ ಡೇಗೂ ನಡುವೆ ಅಂತರ ಇಡುವುದು ಇನ್ನೂ ಆಗಿಲ್ಲ, ಅದು ವಿಶ್ವವಿದ್ಯಾಲಯದ ಕ್ಯಾಲೆಂಡರು.

ಮತ್ತೆ ಡೆಂಗಿ ಸೀಸನ್. ಆಗ ವಾರ್ಡು ಉಕ್ಕುತ್ತದೆ, ಮೂರನೇ ವರ್ಷದವರು ಪರೀಕ್ಷೆಗೆ ರಜೆ ಹಾಕಿರುತ್ತಾರೆ, ಇಬ್ಬರಲ್ಲಿ ಒಬ್ಬರು ಮಲಗುವುದು ಆಗದ ಮಾತು. ಎರಡು ಸೀಸನ್ನಿನಲ್ಲೂ ಪದ್ಧತಿ ಮುರಿದುಬಿತ್ತು. ಈ ಸಲ ಬಯೋಕೆಮಿಸ್ಟ್ರಿ, ಫಾರ್ಮಕಾಲಜಿಯಂಥ ವಿಭಾಗಗಳ ಟ್ಯೂಟರ್‌ಗಳಲ್ಲಿ ಬರುತ್ತೇನೆ ಅಂದವರನ್ನು ರಾತ್ರಿ 12ರವರೆಗೆ ಪ್ಲೇಟ್ಲೆಟ್ ರಿಪೋರ್ಟ್ ನೋಡಲು ಕೂರಿಸಿ, ಆಗ ಉಳಿಯುವ ಸಮಯವನ್ನು ಪಿಜಿಗಳ ನಿದ್ದೆಗೆ ಕೊಡುವ ಯೋಚನೆ ಇದೆ. ಹಾಗೆ ಬರುವವರಿಗೆ ಡ್ಯೂಟಿ ಬದಲಿ ರಜೆ ಕೊಡಲು ಪ್ರಿನ್ಸಿಪಾಲರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ, ಆದೇಶ ಬರಬೇಕು.